ಹಳೆಯ ಕಾರಿನ ಎಂಜಿನ್ ಪರೀಕ್ಷೆ

1983ರಲ್ಲಿ ಮಾರಾಟಕ್ಕೆ ಬಂದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಆದುದರಿಂದ ಈ ಕಾರನ್ನು ಬಯಸುವವರು ಬಳಸಿದುದನ್ನೇ ಕೊಳ್ಳಬೇಕು. ಹೊಳೆಯುವ ಬಣ್ಣಕ್ಕೆ ಮಾರುಹೋಗದೆ ಅದರ 796 ಸಿ.ಸಿ. ಎಂಜಿನ್ನನ್ನು ಮೊದಲು ಪರೀಕ್ಷಿಸುವುದು ವಿವೇಕ.

ಎಂಜಿನ್ ತಣ್ಣಗಿರುವಾಗಲೇ ಪರೀಕ್ಷೆ ನಡೆಯತಕ್ಕದ್ದು. ಮೊದಲೇ ಬಿಸಿಮಾಡಿಟ್ಟ ಎಂಜಿನ್ ಹಲವು ದೋಷಗಳನ್ನು ಮರೆಮಾಚುತ್ತದೆ. ಚಾಲೂ ಮಾಡಿದೊಡನೆ ಹೊಗೆಯನ್ನು ಗಮನಿಸಬೇಕು. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಕುರುಹು. ಪಿಸ್ಟನ್ ರಿಂಗುಗಳೋ ವಾಲ್ವ್ ಸೀಲುಗಳೋ ಸವೆದಿರಬಹುದು. ಕಪ್ಪು ಹೊಗೆ ಪೆಟ್ರೋಲು ಅತಿಯಾಗಿರುವುದನ್ನು ಸೂಚಿಸುತ್ತದೆ. ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ, ಹೆಡ್ ಗ್ಯಾಸ್ಕೆಟ್ ಕೆಟ್ಟು ರೇಡಿಯೇಟರಿನ ನೀರು ಒಳಸೇರಿರುವ ಸಂಭವವುಂಟು.

ಕೊನೆಗೆ ನುರಿತ ಮೆಕ್ಯಾನಿಕರಿಂದ ಕಂಪ್ರೆಷನ್ ಅಳೆಯಿಸಬೇಕು. ಮೂರು ಸಿಲಿಂಡರುಗಳ ಅಂಕಿಗಳೂ ಹೆಚ್ಚುಕಡಿಮೆ ಸಮನಾಗಿರಬೇಕು. ಒಂದು ಬಹಳ ಕಡಿಮೆಯಿದ್ದರೆ ಕೊಳ್ಳದಿರುವುದೇ ಲೇಸು. ಇಲ್ಲವಾದರೆ ಅಗ್ಗವೆಂದು ಕೊಂಡ ಕಾರಿಗೆ ಕೂಡಿಟ್ಟ ಹಣವೆಲ್ಲ ಸುರಿಯಬೇಕಾದೀತು.