ಎಣಿಸೋ ಮುಂಚೆ ಓದ್ರಿ ಅನ್ನು

ಅವ್ವಾ, ಆಡಕಿಯ ಹುಡುಗಿ ವಿಶ್ವವಿದ್ಯಾಲಯದ ಮೇಷ್ಟ್ರಾದಳು ಅಂತ ಊರೆಲ್ಲ ಹಿಗ್ಗಿದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ನಿನ್ನ ಮುಂದೆ ಯಾರೋ ಬಡ್ತಿಯ ಪಾಯಿಂಟು ಲೆಕ್ಕ ಹರವಿದರಂತ. ಲೆಕ್ಕ ಕಲಿ, ಬ್ಯಾಡ ಅನ್ನೂದಿಲ್ಲ. ಖರೆ, ಅದು ಯಾವ ವರ್ಷದ ಲೆಕ್ಕ ಅಂತ ಮೊದಲು ಕೇಳು.

2010ರಲ್ಲಿ ಯುಜಿಸಿ ಎಪಿಐ ಅಂತ ತಂದಿತು. ಪಾಠಕ್ಕೆ ಇಷ್ಟು, ಸೆಮಿನಾರಿಗೆ ಇಷ್ಟು, ಪ್ರಬಂಧಕ್ಕೆ ಇಷ್ಟು ಅಂಕ. ವಶೀಲಿ ನಿಲ್ಲಲಿ ಎಂಬ ಉದ್ದೇಶ ಛಲೋದೇ. ಆದರೆ ದುಡ್ಡು ಕೊಟ್ಟರೆ ಏನು ಬೇಕಾದರೂ ಅಚ್ಚು ಹಾಕುವ ಪತ್ರಿಕೆಗಳು ಅಣಬೆಯಂತೆ ಎದ್ದವು. 2018ರ ನಿಯಮ ಎಪಿಐ ಕೈಬಿಟ್ಟಿತು. ವಹಿಸಿದ ತರಗತಿಗಳಲ್ಲಿ ಶೇ 80 ತೆಗೆದುಕೊಂಡರೆ ಪಾಠದ ಮಟ್ಟಿಗೆ 'ಉತ್ತಮ'. ಸಂಶೋಧನೆಯ ಅಂಕ ಮಾತ್ರ ಉಳಿಯಿತು: ಸಹ ಪ್ರಾಧ್ಯಾಪಕಿ ಆಗಲು 70, ಪ್ರಾಧ್ಯಾಪಕಿ ಆಗಲು 110. ಪಿಎಚ್‌.ಡಿ. ಮುಗಿಸಿಯೇ ಸೇರಿದವಳು ನೀನು. ನಾಲ್ಕು ಮೆಟ್ಟಿಲಿಗೆ 4, 5, 3, 3 ವರ್ಷ. ಎಲ್ಲಾ ಹೊತ್ತಿಗೆ ಸರಿಯಾಗಿ ನಡೆದರೆ ಒಟ್ಟು 15.

ಈಗ ಆ ಅಂಕಪಟ್ಟಿ ತೆಗೆದು ನೋಡು. ನಿನ್ನ ವಿಷಯ ಇತಿಹಾಸ. ಒಬ್ಬಳೇ ಬರೆದ ಪ್ರಬಂಧಕ್ಕೆ 10. ಕಾಗಿಣಾ ದಂಡೆಯ ಮಳಖೇಡದ ಸುತ್ತ ಬಿಸಿಲಲ್ಲಿ ಅಲೆದು, ಶಾಸನಗಳ ಪಡಿಯಚ್ಚು ತೆಗೆದು, ಒಂದೊಂದು ಅಕ್ಷರಕ್ಕೂ ತಿಣುಕಿ ಮೂರು ವರ್ಷಕ್ಕೆ ಬರೆದರೂ 10. ಹಳೇ ಪುಸ್ತಕ ಮೂರು ಹರವಿ ಹದಿನೈದು ದಿನಕ್ಕೆ ಹೊಸೆದರೂ 10. ಇಡೀ ಪುಸ್ತಕವನ್ನೇ ಬರೆದು ದೇಶದ ಪ್ರಕಾಶಕರಿಂದ ಹೊರತಂದರೂ ಅದೇ 10. ದೊಡ್ಡ ಗ್ರಂಥವೊಂದನ್ನು ಅನುವಾದ ಮಾಡಿದರೆ 8, ಒಂದು ಪ್ರಬಂಧಕ್ಕಿಂತ ಕಮ್ಮಿ! (ಆ ಪಟ್ಟಿ ಮಾಡಿದವರು ಜನ್ಮದಲ್ಲಿ ಒಂದು ಪುಟ ಅನುವಾದ ಮಾಡಿರಲಿಕ್ಕಿಲ್ಲ.) ಹೀಗಿರುವಾಗ ಬುದ್ಧಿವಂತರು ಯಾವ ದಾರಿ ಹಿಡಿತಾರೆ ಅಂತ ಹೇಳಬೇಕಾಗಿಲ್ಲ.

ನೀ ಮಳಖೇಡದ ದಾರಿಯೇ ಹಿಡಿ. 15 ವರ್ಷಕ್ಕೆ 110 ಅಂಕ ಅಂದರೆ ಗಾಬರಿಪಡುವ ಲೆಕ್ಕವಲ್ಲ. ವರ್ಷಕ್ಕೆ ನಾಲ್ಕು ಹೊಸೆಯುವವರ ಜೊತೆ ಪೈಪೋಟಿಗೆ ಇಳಿಯಬ್ಯಾಡ.

ಆದರೆ ನಿನ್ನಷ್ಟಕ್ಕೆ ನೀ ನೆಟ್ಟಗಿದ್ದರೆ ಸಾಲದು. 2025ರ ಫೆಬ್ರುವರಿಯಲ್ಲಿ ಯುಜಿಸಿ ತನ್ನ 'ಕೇರ್' ಪತ್ರಿಕಾ ಪಟ್ಟಿಯನ್ನೇ ನಿಲ್ಲಿಸಿ, ಯಾವ ಪತ್ರಿಕೆ ಛಲೋ ಎಂದು ನೋಡುವ ಹೊಣೆಯನ್ನು ವಿಶ್ವವಿದ್ಯಾಲಯಗಳಿಗೆ ಬಿಟ್ಟಿತು. ಅದಕ್ಕೂ ಒಂದು ತಿಂಗಳು ಮುಂಚೆ ಬಂದ ಕರಡಿನಲ್ಲಿ ಒಂಬತ್ತು ಬಗೆಯ ಕೊಡುಗೆ ಹೆಸರಿಸಿ, ನಾಲ್ಕರಲ್ಲಾದರೂ ಕೆಲಸ ತೋರಿಸಿ ಅಂದಿತು. ಭಾರತೀಯ ಭಾಷೆಗಳಲ್ಲಿ ಪಾಠ ಹೇಳುವುದೂ ಅದರಲ್ಲಿತ್ತು. ಕುಲಪತಿಗಳನ್ನು ಯಾರು ನೇಮಿಸಬೇಕೆಂಬ ಜಗಳದ ಗದ್ದಲದಲ್ಲಿ ಈ ಭಾಗವನ್ನು ಓದಿದವರೇ ಕಮ್ಮಿ. ನೀ ಓದು. ವಿಭಾಗದ ಸಭೆಯಲ್ಲಿ ಮಾತು ಬಂದಾಗ ಒಂದೇ ಬೇಡಿಕೆ ಇಡು: ಅಭ್ಯರ್ಥಿ ತನ್ನ ಅತ್ಯುತ್ತಮ ಮೂರು ಬರಹ ಆರಿಸಿ ಕೊಡಲಿ, ತಜ್ಞರು ಅವನ್ನು ಓದಿ ಎರಡು ಪುಟ ಅಭಿಪ್ರಾಯ ಬರೆಯಲಿ. ಇದು ಆಗದ ಮಾತಲ್ಲ: ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯ ನೇಮಕಾತಿ, ಬಡ್ತಿಗಳಲ್ಲಿ ಪತ್ರಿಕೆಯ ತೂಕ ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡುವುದನ್ನೇ ಬಿಟ್ಟಿದೆ. ನಮ್ಮವರಿಗೆ ಓದಲು ಪುರುಸೊತ್ತಿಲ್ಲ ಅಂದರೆ, ತಜ್ಞರ ಕುರ್ಚಿಗೆ ಯಾಕೆ ಬಂದಿರಿ ಅಂತ ನಗುತ್ತಲೇ ಕೇಳು.

ಸೇಡಂ, ಚಿಂಚೋಳಿ, ಚಿತ್ತಾಪುರದಂಥ ಊರುಗಳ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರನ್ನೂ ನೆನಪಿಡು. ರಾಜ್ಯದಲ್ಲಿ ಅಂಥವರು ಸಾವಿರಾರು ಮಂದಿ. ಹತ್ತಲಿಕ್ಕೆ ಅವರಿಗೆ ಮೊದಲ ಮೆಟ್ಟಿಲೇ ಇಲ್ಲ. ಸುಧಾರಣೆಯ ಮಾತಿನಲ್ಲಿ ಅವರ ಹೆಸರು ಬರದಿದ್ದರೆ ನೀ ತೆಗಿ.

ಇನ್ನು ನಿನ್ನ ಸ್ವಂತ ಕೆಲಸ. ತಗೊಂಡ ತರಗತಿಗಳ ದಾಖಲೆ, ರಿಫ್ರೆಶರ್ ಕೋರ್ಸಿನ ಪ್ರಮಾಣಪತ್ರ ಆಯಾ ವರ್ಷವೇ ಫೈಲಿಗೆ ಸೇರಿಸು. ಅವಧಿ ತುಂಬುವ ಮೂರು ತಿಂಗಳು ಮುಂಚೆಯೇ ಅರ್ಜಿ ಕೊಡಬಹುದು. ಕೊಟ್ಟ ದಿನವೇ ಟಪಾಲು ವಿಭಾಗದಲ್ಲಿ ಸ್ವೀಕೃತಿಯ ಸೀಲು ಹಾಕಿಸಿಕೊ, ಬಾಯಿಮಾತಿಗೆ ಒಪ್ಪಬ್ಯಾಡ.