ಮನೆಯೊಂದು, ಕಾಲಗಳೆರಡು

ನಡೆದು ಬಂದ ದಾರಿಯಲ್ಲಿ ಮನುಷ್ಯನು ಹಿಂದಿರುಗಬಲ್ಲನು. ಕಳೆದುಹೋದ ದಿನಕ್ಕೆ ಹಿಂದಿರುಗಲಾರನು. ಆದರೆ ಕಥೆಗಾರನ ಕಲ್ಪನೆಗೆ ಈ ಕಟ್ಟಿಲ್ಲ. ಆಂಗ್ಲ ಲೇಖಕ ಎಚ್. ಜಿ. ವೆಲ್ಸ್ 1895ರಲ್ಲಿ ಪ್ರಕಟಿಸಿದ ‘ದಿ ಟೈಮ್ ಮೆಷೀನ್’ ಎಂಬ ಕಾದಂಬರಿಯ ನಾಯಕನು ಒಬ್ಬ ಸಂಶೋಧಕ. ಅವನು ತನ್ನ ಮನೆಯ ಪ್ರಯೋಗಶಾಲೆಯಲ್ಲಿಯೇ ಕಾಲಯಂತ್ರವನ್ನೇರಿ 802701ನೆಯ ಇಸವಿಗೆ ಹೋಗುತ್ತಾನೆ. ಯಂತ್ರವು ಚಲಿಸುವುದು ಕಾಲದಲ್ಲಿ ಮಾತ್ರ, ಸ್ಥಳವು ಅದೇ. ಆದರೆ ಆಗ ಅಲ್ಲಿ ಮನೆಯಿಲ್ಲ. ಹುಲ್ಲುನೆಲವೂ ಬಿಳಿಯ ವಿಗ್ರಹವೊಂದೂ ಇವೆ. ಅಲ್ಲಿಯ ಜೀವಿಗಳು ಯಂತ್ರವನ್ನು ಆ ವಿಗ್ರಹದ ಪೀಠದೊಳಕ್ಕೆ ಎಳೆದೊಯ್ಯುತ್ತವೆ. ಆದುದರಿಂದ ಅವನು ಮರಳಿ ಬಂದಾಗ ಯಂತ್ರವು ಪ್ರಯೋಗಶಾಲೆಯ ಇನ್ನೊಂದು ಮೂಲೆಯಲ್ಲಿ ನಿಲ್ಲುತ್ತದೆ! ಕಾಲವನ್ನು ದಾಟಿದ ಕಥೆಗಾರನು ಸ್ಥಳದ ಲೆಕ್ಕವನ್ನು ತಪ್ಪಲಿಲ್ಲ. ಅಸಂಭವವಾದ ಕಥೆಯನ್ನು ನಾವು ನಂಬುವುದು ಇಂತಹ ಲೆಕ್ಕದಿಂದಲೇ.

ನಮ್ಮ ನಾಡಿನಲ್ಲಿಯೂ ಇಂತಹ ಕಥೆಗೆ ತಕ್ಕ ಮನೆಯೊಂದುಂಟು. ಸರ್ ಎಂ. ವಿಶ್ವೇಶ್ವರಯ್ಯನವರು 1861ರಲ್ಲಿ ಜನಿಸಿದ ಮುದ್ದೇನಹಳ್ಳಿಯ ಮನೆಯು ಇಂದು ಸ್ಮಾರಕವಾಗಿದೆ. ವಿಜಯಪುರ ಜಿಲ್ಲೆಯ ನಿಡೋಣಿಯ ಬಾಲಕಿಯೊಬ್ಬಳು 1867ರ ಒಂದು ಸಂಜೆ ಅದರ ಹೊಸ್ತಿಲನ್ನು ದಾಟಿದಳೆಂದು ಭಾವಿಸೋಣ. ಕಥೆಯನ್ನು ಬರೆಯುವವನು ಮೊದಲು ಆ ಮನೆಯಿಂದ ಇಂದಿನ ವಸ್ತುಗಳನ್ನೆಲ್ಲ ಹೊರಗಿಡಬೇಕು. 1955ರ ಭಾರತರತ್ನದ ಸುಳಿವೂ ಅಲ್ಲಿರಬಾರದು. ವಿದ್ಯುದ್ದೀಪವೂ ಕೂಡದು, ಬೆಂಗಳೂರಿನ ಬೀದಿಗಳಿಗೇ ಅದು ಬಂದುದು 1905ರಲ್ಲಿ. ಉಳಿಯುವುದು ಎಣ್ಣೆಯ ದೀಪ, ಅದರ ಬೆಳಕಿನಲ್ಲಿ ಆರು ವರ್ಷದ ಹುಡುಗ.

ಬಾಲಕಿಯು ಬರಗಾಲವನ್ನು ಬಲ್ಲ ಸೀಮೆಯವಳು. ಈ ಹುಡುಗನು ಮುಂದೆ ಜಲಾಶಯಗಳಿಗೆ ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸುವನೆಂದು ಅವಳು ಓದಿದ್ದಾಳೆ. ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ಅವು ತಾವಾಗಿಯೇ ತೆರೆಯುತ್ತವೆ, ಇಳಿದಾಗ ಮುಚ್ಚಿಕೊಳ್ಳುತ್ತವೆ. ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯದಲ್ಲಿ ಅವುಗಳನ್ನು ಅಳವಡಿಸಿದ್ದು 1903ರಲ್ಲಿ. ಈಗಲೇ ಹೇಳಿಬಿಟ್ಟರೆ ಎಷ್ಟೋ ಹೊಲಗಳಿಗೆ ಬೇಗನೆ ನೀರು ದೊರೆಯಬಹುದಲ್ಲವೇ?

ಆದರೆ ಹೇಳಿದಳೆನ್ನಿ. ಅವರು ಕಲಿತದ್ದು ಇವಳಿಂದ. ಇವಳು ಕಲಿತದ್ದು ಅವರ ಚರಿತ್ರೆಯಿಂದ. ಹಾಗಾದರೆ ಆ ಯೋಚನೆಯನ್ನು ಮಾಡಿದವರು ಯಾರು? ಯಾರೂ ಇಲ್ಲ! ಮೂವತ್ತಾರು ವರ್ಷಗಳ ಓದು, ಅಲೆದಾಟ, ಲೆಕ್ಕಾಚಾರ ಎಲ್ಲವೂ ಒಂದೇ ಮಾತಿನಿಂದ ಅಳಿಸಿಹೋಗುತ್ತವೆ. ಉತ್ತರವು ಉಳಿಯುತ್ತದೆ, ಉತ್ತರವನ್ನು ಕಂಡವನು ಉಳಿಯುವುದಿಲ್ಲ.

ಆದುದರಿಂದ ನಮ್ಮ ಕಥೆಯ ಬಾಲಕಿಯು ಕುಡಿಯಲು ನೀರು ಕೇಳುತ್ತಾಳೆ. ಹುಡುಗನು ತಂಬಿಗೆಯನ್ನು ತಂದುಕೊಡುತ್ತಾನೆ. ಅವಳು ಕುಡಿದು, ಏನನ್ನೂ ಹೇಳದೆ, ಬಂದ ಹೊಸ್ತಿಲನ್ನೇ ದಾಟಿ ಹೊರಡುತ್ತಾಳೆ. ಹುಡುಗನು ಮತ್ತೆ ದೀಪದ ಬಳಿ ಕುಳಿತು ಪಾಠವನ್ನು ಮುಂದುವರಿಸುತ್ತಾನೆ.