ಮೊದಲು ಬಾಯಿ ತೆರೆಸಿ ನೋಡಿ

ಮಾತು ಬಾರದ ಹುಡುಗ ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳತೊಡಗಿದರೆ ಮೊದಲು ಬಾಯಿ ತೆರೆಸಿ ನೋಡಬೇಕು. ಆಮೇಲೆ ಕಿವಿ, ಆಮೇಲೆ ಹೊಟ್ಟೆ. ಮಾನಸಿಕ ಕಾಯಿಲೆಯ ಮಾತ್ರೆ ಅದರ ನಂತರ. ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ, ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಪಾಠ ಹೇಳುತ್ತ ನಾನು ಕಲಿತದ್ದು ಇದು.

ಪಾವಗಡ ಕಡೆಯ ಒಬ್ಬ ಹುಡುಗನ ತಾಯಿ ನನಗೆ ಹೇಳಿದ್ದು: "ಮೇಷ್ಟ್ರೇ, ಇವ್ನು ಎಡಗಡೆ ಅಗಿಯೋದೇ ಬಿಟ್ಟವ್ನೆ." ಆಸ್ಪತ್ರೆಯಲ್ಲಿ ಆ ಮಾತು ಕೇಳಲು ಯಾರಿಗೂ ಪುರಸೊತ್ತಿರಲಿಲ್ಲ. ಕಾರ್ಡಿನಲ್ಲಿ ಬುದ್ಧಿಮಾಂದ್ಯ ಎಂದಿತ್ತು, ಹುಡುಗ ಕಿರುಚುತ್ತಿದ್ದ, ಶಾಂತವಾಗಿಸುವ ಮಾತ್ರೆ ಬರೆದರು. ಕಿರುಚಾಟ ಕಮ್ಮಿಯಾಯಿತು; ಜೊಲ್ಲು ಸುರಿಯತೊಡಗಿತು, ನಡಿಗೆ ಬಿಗಿಯಿತು. ಕೊನೆಗೆ ಕಂಡದ್ದು ಹುಳುಕು ದವಡೆಹಲ್ಲು. ಅದನ್ನು ಕಿತ್ತ ಮೇಲೆ ಹುಡುಗ ಮೊದಲಿನಂತಾದ. ಇಂಥ ಮಕ್ಕಳಿಗೆ ಏನೇ ಆದರೂ ಬುದ್ಧಿಮಾಂದ್ಯದ ಖಾತೆಗೇ ಜಮೆಯಾಗುತ್ತದೆ.

ಇದು ನಮ್ಮೊಬ್ಬರ ಪಾಡಲ್ಲ. 2016ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಇಂಥದೇ ತೊಂದರೆಯಿದ್ದ 18ರ ಆಲಿವರ್ ಮೆಕ್‌ಗೋವನ್, ತಾನೂ ಹೆತ್ತವರೂ ಬೇಡವೆಂದಿದ್ದ ಔಷಧವನ್ನು ಕೊಟ್ಟ ಮೇಲೆ ತೀರಿಕೊಂಡ. 2022ರ ಕಾಯ್ದೆಯ ನಂತರ ಅಲ್ಲಿನ ಆರೋಗ್ಯ ಸಿಬ್ಬಂದಿಗೆ ಬುದ್ಧಿಮಾಂದ್ಯ ಇದ್ದವರ ಆರೈಕೆಯ ಬಗ್ಗೆ ತರಬೇತಿ ಕಡ್ಡಾಯ.

ನಾನೀಗ ಪ್ರತಿ ಮಗುವಿಗೂ ಒಂದು ಹಾಳೆ ಬರೆಸುತ್ತೇನೆ. ನೋವಾದರೆ ಏನು ಮಾಡುತ್ತಾನೆ, 'ಬೇಡ' ಎಂಬುದನ್ನು ಹೇಗೆ ತೋರಿಸುತ್ತಾನೆ, ಫಿಟ್ಸ್ ಉಂಟೇ, ಯಾವ ಮಾತ್ರೆ ಒಗ್ಗಲಿಲ್ಲ. ಪಾವಗಡದಲ್ಲಾದರೆ ಮನೆಮಾತು ತೆಲುಗೆಂಬುದನ್ನೂ ಮೇಲೆಯೇ ಬರೆಸುತ್ತೇನೆ. ಕನ್ನಡದ ಪ್ರಶ್ನೆಗೆ ಉತ್ತರ ಬರದಿದ್ದರೆ ಅದು ಕಾಯಿಲೆಯಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರಿಂದ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಹಾಳೆ ಕೈಯಲ್ಲಿದ್ದರೆ ಅಷ್ಟರಲ್ಲೇ ಕೆಲಸವಾಗುತ್ತದೆ.

ದೇಹದ ನೋವಿಗೆ ಮನಸ್ಸಿನ ಮಾತ್ರೆ ಕೊಡುವುದು ಒಂದು ತಪ್ಪು; ಇದಕ್ಕೆ ವಿರುದ್ಧದ ತಪ್ಪೂ ನಡೆಯುತ್ತದೆ. ಕೊರಟಗೆರೆ ಕಡೆಯ ಹುಡುಗಿಯೊಬ್ಬಳು ಅಜ್ಜಿ ಸತ್ತ ಮೇಲೆ ಊಟ, ನಿದ್ದೆ ಬಿಟ್ಟಳು. "ಇವರಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ" ಎಂದು ಆಸ್ಪತ್ರೆಯವರು ವಾಪಸ್ ಕಳಿಸಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬುದ್ಧಿಮಾಂದ್ಯವನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಹೊರಗಿಟ್ಟದ್ದು ಸರಿಯೇ. ಆದರೆ ಬುದ್ಧಿಮಾಂದ್ಯ ಇದ್ದವರಿಗೆ ಖಿನ್ನತೆ ಬಂದರೆ ಅದು ಕಾಯಿಲೆಯೇ, ಚಿಕಿತ್ಸೆಯೂ ಹಕ್ಕೇ. ಬೇರೆ ಕಡೆ ತೋರಿಸಿದ ಮೇಲೆ ಹುಡುಗಿ ಚೇತರಿಸಿಕೊಂಡಳು. ಮಾತ್ರೆಗಿಂತ ಹೆಚ್ಚಾಗಿ, ಅಜ್ಜಿಯ ಸಮಾಧಿಗೆ ಅವಳನ್ನೂ ಕರೆದೊಯ್ಯಿರಿ ಎಂದು ವೈದ್ಯರು ಮನೆಯವರಿಗೆ ಹೇಳಿದ್ದು ಕೆಲಸ ಮಾಡಿತೆಂದು ನನ್ನ ಎಣಿಕೆ.

ಇನ್ನು ಸರತಿ ಸಾಲು. ಗದ್ದಲದಲ್ಲಿ ಗಂಟೆಗಟ್ಟಲೆ ನಿಂತ ಮಗು ವೈದ್ಯರ ಮುಂದೆ ಹೋಗುವಷ್ಟರಲ್ಲಿ ರೇಗಿ ಹೋಗಿರುತ್ತದೆ, ಆ ರೇಗಾಟವೇ ಚೀಟಿಯಲ್ಲಿ ರೋಗಲಕ್ಷಣವಾಗಿ ದಾಖಲಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್ ತಪಾಸಣೆಯಲ್ಲೂ ಚಿಕಿತ್ಸೆಯಲ್ಲೂ ಇವರಿಗೆ ಆದ್ಯತೆ ಕೊಡಬೇಕೆನ್ನುತ್ತದೆ. ಅದರ ನಕಲು ನನ್ನ ಚೀಲದಲ್ಲಿರುತ್ತದೆ. ಚೀಟಿ ಬರೆಯುವ ಕೆಲವರು ಓದಿ ಒಳಗೆ ಬಿಡುತ್ತಾರೆ. "ಎಲ್ಲರಿಗೂ ಅರ್ಜೆಂಟೇ ಸಾರ್" ಎನ್ನುವ ಕಡೆ ಆಡಳಿತ ವೈದ್ಯಾಧಿಕಾರಿಗೆ ಅರ್ಜಿ ಬರೆದುಕೊಟ್ಟು, ಸೀಲು ಹಾಕಿಸಿಕೊಂಡೇ ಬರುತ್ತೇನೆ.